ಈ ನೆಲದ್ದಲ್ಲ ಎಂದು ಹೇಳುವ ಮಣ್ಣು

ಜಮಖಂಡಿಯಿಂದ ವಿಜಯಪುರದ ಹಾದಿ ಹಿಡಿದವರು ಕೃಷ್ಣೆಯನ್ನು ದಾಟುವುದು ಚಿಕ್ಕಪಡಸಲಗಿಯಲ್ಲಿ. ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿಕೊಂಡ ಶ್ರಮಬಿಂದು ಸಾಗರ ಬ್ಯಾರೇಜಿನಿಂದಾಗಿ ಈ ಊರಿನ ಹೆಸರು ನಾಡಿಗೆಲ್ಲ ಗೊತ್ತು. ನೆಲದ ದೃಷ್ಟಿಯಿಂದ ಊರಿಗೆ ಇನ್ನೊಂದು ಮಹತ್ವವಿದೆ, ಅದು ಅಷ್ಟಾಗಿ ಮಾತಿಗೆ ಬಂದಿಲ್ಲ. ಇಲ್ಲಿಂದ ಪಶ್ಚಿಮಕ್ಕೆ ಮಹಾಬಳೇಶ್ವರದವರೆಗೆ ಕೃಷ್ಣೆ ಹರಿದು ಬರುವುದು ಬಹುಮಟ್ಟಿಗೆ ಬಸಾಲ್ಟ್ ಎಂಬ ಕಪ್ಪು ಲಾವಾಶಿಲೆಯ ಮೇಲೆ. ದಕ್ಷಿಣಕ್ಕೆ ಹೊರಳಿದರೆ ಮುಧೋಳ–ಲೋಕಾಪುರದ ಸುಣ್ಣಕಲ್ಲು, ಅದರಾಚೆ ಬಾದಾಮಿಯ ಮರಳುಗಲ್ಲು, ಆಗ್ನೇಯಕ್ಕೆ ಇನ್ನೂ ಮುಂದೆ ಹೋದರೆ ಇಳಕಲ್ಲಿನ ಗ್ರಾನೈಟು. ನೂರೈವತ್ತು ಕಿಲೋಮೀಟರಿನೊಳಗೆ ನೆಲ ಮೂರು ಬಾರಿ ಜಾತಿ ಬದಲಿಸುತ್ತದೆ. ಎರೆ ಮುಗಿದು ಮಸಾರಿ ಎಲ್ಲಿ ಶುರುವಾಗುತ್ತದೆಂದು ಇಲ್ಲಿನ ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ಸಾವಿರ ವರ್ಷದ ಹಿಂದಿನ ಒಂದು ಗಡಿಗೆಚೂರು ಯಾವ ಮಣ್ಣಿನಿಂದ ಬಂತು ಎಂದು ಪ್ರಯೋಗಾಲಯದಲ್ಲಿ ಕೇಳುವವರಿಗೆ ಇಂಥ ನೆಲ ಸುಲಭಕ್ಕೆ ಸಿಗುವುದಿಲ್ಲ.

ಮಡಕೆಯ ರಾಸಾಯನಿಕ ವಿಶ್ಲೇಷಣೆಯ ಬಗ್ಗೆ ಜನರಲ್ಲಿರುವ ಕಲ್ಪನೆ ಅಪರಾಧ ತನಿಖೆಯದು. ಚೂರನ್ನು ಯಂತ್ರಕ್ಕೆ ಕೊಟ್ಟರೆ ಅದು ಊರಿನ ಹೆಸರು ಹೇಳುತ್ತದೆ ಎಂಬ ನಂಬಿಕೆ. ಪತ್ರಿಕೆಗಳ ತಲೆಬರಹಗಳೂ ಇದಕ್ಕೆ ನೀರೆರೆಯುತ್ತವೆ. ಈ ವಿದ್ಯೆಯ ನಿಜವಾದ ಬಲ ಇರುವುದು ಅದರ ಹಿಮ್ಮುಖದಲ್ಲಿ. ‘ಇದು ಇಂಥ ಊರಿನದು’ ಎಂದು ಅದು ಹೇಳುವಾಗ ಸಂಶಯಕ್ಕೆ ಎಡೆಯಿರುತ್ತದೆ. ‘ಇದು ಈ ಊರಿನದಲ್ಲ’ ಎಂದು ಹೇಳುವಾಗ ಅದರ ಮಾತು ಗಟ್ಟಿ. ಕರ್ನಾಟಕದ ಪ್ರಾಚೀನ ಇತಿಹಾಸದ ಕಾಲಗಣನೆ ಒಮ್ಮೆ ಬುಡಸಮೇತ ಅಲುಗಾಡಿದ್ದರಲ್ಲಿ ಇಂಥ ಒಂದು ‘ಅಲ್ಲ’ದ ಪಾಲೂ ಇತ್ತು.

1947ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆತ ನಡೆಸಿದರು. ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಲ್ಲ ಬೃಹತ್ ಶಿಲಾ ಗೋರಿಗಳ ಜನ, ಎಲ್ಲಕ್ಕಿಂತ ಮೇಲೆ ವೀಲರ್ ‘ಆಂಧ್ರ ಸಂಸ್ಕೃತಿ’ ಎಂದು ಕರೆದ ಸಾತವಾಹನ ಕಾಲದ ಪದರ. ಪದರಗಳ ಕ್ರಮವೇನೋ ಸ್ಪಷ್ಟವಾಗಿತ್ತು, ಅವುಗಳ ವಯಸ್ಸು ಗೊತ್ತಿರಲಿಲ್ಲ. ಇಂಗಾಲ–14 ವಿಧಾನ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ವೀಲರ್ ಹಿಡಿದ ದಾರಿ ಜಾಣತನದ್ದು. ಮೇಲಿನ ಪದರದಲ್ಲಿ ಅವರಿಗೆ ಒಂದು ವಿಶೇಷ ತಟ್ಟೆಯ ಚೂರುಗಳು ಸಿಕ್ಕವು. ನುಣುಪಾದ ಬೂದು ಅಥವಾ ಕಪ್ಪು ಮೈ, ಒಳಕ್ಕೆ ಬಾಗಿದ ಕೊಕ್ಕಿನಂಥ ಅಂಚು, ತಟ್ಟಿದರೆ ಲೋಹದ ಸದ್ದು. ತಟ್ಟೆಯ ಒಳತಳದಲ್ಲಿ ಕೇಂದ್ರದ ಸುತ್ತ ಉಂಗುರ ಉಂಗುರವಾಗಿ ಸಣ್ಣ ತ್ರಿಕೋನ, ಚುಕ್ಕೆ, ಬೆಣೆಯಾಕಾರದ ಗುರುತುಗಳು. ಹಸಿ ತಟ್ಟೆ ತಿಗರಿಯ ಮೇಲೆ ತಿರುಗುತ್ತಿರುವಾಗ ಹಲ್ಲುಗಾಲಿಯನ್ನೋ ಅದುರುವ ತೆಳು ಪಟ್ಟಿಯನ್ನೋ ಮುಟ್ಟಿಸಿ ಮೂಡಿಸಿದ ಅಲಂಕಾರವಿದು. ಪುರಾತತ್ವಜ್ಞರು ಇದನ್ನು ರೂಲೆಟೆಡ್ ಪಾತ್ರೆ ಎನ್ನುತ್ತಾರೆ. ಎರಡು ವರ್ಷ ಮೊದಲು, 1945ರಲ್ಲಿ, ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಇದೇ ತಟ್ಟೆಗಳನ್ನು ಅವರು ಇಟಲಿಯ ಅರೆಜ್ಜೊದಿಂದ ಬಂದ ಕೆಂಪು ಮುದ್ರಾಂಕಿತ ಪಾತ್ರೆಗಳ ಜೊತೆಯಲ್ಲೇ ಕಂಡಿದ್ದರು. ಇಟಲಿಯ ಆ ಪಾತ್ರೆಗಳ ಕಾಲ ಖಚಿತವಾಗಿ ತಿಳಿದಿತ್ತು, ಕ್ರಿಸ್ತಶಕ ಒಂದನೆಯ ಶತಮಾನದ ಮೊದಲರ್ಧ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೂಲೆಟೆಡ್ ಚೂರುಗಳಿದ್ದ ನೆಲೆಯಲ್ಲೇ ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ನಾಣ್ಯವೂ ಸಿಕ್ಕಿತ್ತು. ಅಲ್ಲಿಗೆ ಕೊಂಡಿ ಕೂಡಿತು. ಬ್ರಹ್ಮಗಿರಿಯ ಮೇಲಿನ ಪದರ ಒಂದನೆಯ ಶತಮಾನದ ನಡುವಿನಿಂದ ಶುರು ಎಂದಾಯಿತು, ಅದರ ಕೆಳಗಿನ ಗೋರಿಗಳಿಗೆ ಕ್ರಿ.ಪೂ. 200ರಿಂದ ಅಲ್ಲಿಯವರೆಗಿನ ಕಾಲ ದೊರೆಯಿತು, ಅದಕ್ಕೂ ಕೆಳಗಿನ ಕಲ್ಲುಕೊಡಲಿಯವರು ಕ್ರಿ.ಪೂ. ಒಂದನೆಯ ಸಹಸ್ರಮಾನದವರಾದರು. ಹೀಗೆ ಕರ್ನಾಟಕದ ಪ್ರಾಗಿತಿಹಾಸವೆಲ್ಲ ಇಟಲಿಯ ಒಂದು ಊರಿನ ಆವಿಗೆಗೆ ಕಟ್ಟಿದ ಹಗ್ಗದಿಂದ ಜೋತುಬಿತ್ತು.

ಹಗ್ಗದ ನಡುವಿನ ಗಂಟು ರೂಲೆಟೆಡ್ ಪಾತ್ರೆ. ಈ ಅಲಂಕಾರದ ಕಸುಬು ಮೆಡಿಟರೇನಿಯನ್ ಕಡೆಯಿಂದ ಬಂದದ್ದು, ಮೊದಲು ಪಾತ್ರೆಗಳೇ ಆಮದಾಗಿ, ಬಳಿಕ ಇಲ್ಲಿ ಅವುಗಳ ಅನುಕರಣೆ ನಡೆದಿರಬೇಕು ಎಂಬುದು ವೀಲರ್ ಊಹೆ. ಆ ಕಾಲಕ್ಕೆ ಅದು ಅಸಂಗತವಾಗಿಯೇನೂ ಕಾಣಲಿಲ್ಲ. ಆದರೆ ಅದನ್ನು ಒಪ್ಪಿಕೊಂಡ ಮೇಲೆ ರೂಲೆಟೆಡ್ ಚೂರು ಸಿಕ್ಕಲ್ಲೆಲ್ಲ ರೋಮನ್ ವ್ಯಾಪಾರದ ಕಾಲವನ್ನೇ ಹಚ್ಚುವುದು ಅನಿವಾರ್ಯವಾಯಿತು. 1983ರಲ್ಲಿ ವಿಮಲಾ ಬೆಗ್ಲಿ ಅರಿಕಮೇಡುವಿನ ಪದರಗಳನ್ನು ಮರುಪರಿಶೀಲಿಸಿ, ಈ ತಟ್ಟೆಗಳು ಅಲ್ಲಿ ಇಟಲಿಯ ಪಾತ್ರೆಗಳಿಗಿಂತ ಹಳೆಯವು, ಕ್ರಿಸ್ತಪೂರ್ವದವು ಎಂದು ವಾದಿಸಿದರು. ಶ್ರೀಲಂಕಾದ ಅನುರಾಧಪುರದ ಅಗೆತಗಳೂ ಅದೇ ದಿಕ್ಕಿಗೆ ಬೆರಳು ತೋರಿದವು. ಅಷ್ಟರಲ್ಲಿ ಬಾಲಿ ದ್ವೀಪದ ಉತ್ತರ ತೀರದ ಸೆಂಬಿರನ್‌ನಲ್ಲಿ ಐ ವಯಾನ್ ಆರ್ಡಿಕಾ ಅಗೆದಾಗ ಅಲ್ಲಿಯೂ ಇದೇ ತಟ್ಟೆ ಸಿಕ್ಕಿತು. ಆರ್ಡಿಕಾ ಮತ್ತು ಪೀಟರ್ ಬೆಲ್‌ವುಡ್ 1991ರಲ್ಲಿ ಈ ಶೋಧವನ್ನು ಪ್ರಕಟಿಸಿದರು. ಬಾಲಿಯ ಚೂರುಗಳನ್ನೂ ಭಾರತ, ಶ್ರೀಲಂಕಾದ ಚೂರುಗಳನ್ನೂ ಎಕ್ಸ್–ಕಿರಣ ವಿವರ್ತನೆ ಮತ್ತು ನ್ಯೂಟ್ರಾನ್ ವಿಶ್ಲೇಷಣೆಗೆ ಒಡ್ಡಿ ನೋಡಿದಾಗ ಸಾವಿರಾರು ಕಿಲೋಮೀಟರ್ ದೂರದೂರದಲ್ಲಿ ಸಿಕ್ಕವು ಒಂದೇ ಬಗೆಯ ಮಣ್ಣಿನವು ಎಂದು ತೋರಿತು. 1997ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ ಗೋಗಟೆ ಇನ್ನೊಂದು ಹೆಜ್ಜೆ ಮುಂದಿಟ್ಟು ಆ ಮಣ್ಣು ಬಂಗಾಳದ ಚಂದ್ರಕೇತುಗಢ–ತಾಮ್ಲುಕ್ ಸೀಮೆಯದು ಎಂದರು. 2005ರಲ್ಲಿ ಲೀಸಾ ಫೋರ್ಡ್, ಮಾರ್ಕ್ ಪೊಲಾರ್ಡ್, ರಾಬಿನ್ ಕಾನಿಂಗ್‌ಹ್ಯಾಮ್ ಮತ್ತು ಬೆನ್ ಸ್ಟರ್ನ್ ಬೇರೆಯೇ ಉಪಕರಣಗಳಿಂದ ಮತ್ತೆ ಪರೀಕ್ಷಿಸಿ, ರೂಲೆಟೆಡ್ ಪಾತ್ರೆಯೂ ಅದರ ಜೊತೆಗೆ ಸಿಗುವ ಇತರ ಕೆಲವು ನಯದ ಪಾತ್ರೆಗಳೂ ಒಂದೇ ಭೂವೈಜ್ಞಾನಿಕ ಮೂಲದವು ಎಂಬ ತೀರ್ಮಾನಕ್ಕೆ ಬಂದರು.

ಈ ತೀರ್ಮಾನಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ‘ಇವೆಲ್ಲ ಒಂದೇ ಮೂಲದವು, ಆ ಮೂಲ ದಕ್ಷಿಣ ಏಷ್ಯಾದ್ದು’ ಎಂಬ ಮಾತಿಗೆ ಬೇರೆ ಬೇರೆ ಪ್ರಯೋಗಾಲಯಗಳು, ಬೇರೆ ಬೇರೆ ವಿಧಾನಗಳು ಬೆಂಬಲ ಕೊಟ್ಟಿವೆ. ‘ಆ ಮೂಲ ಬಂಗಾಳ’ ಎಂಬ ಮಾತು ಅಷ್ಟೇ ಬಲದ್ದಲ್ಲ, ಏಕೆಂದರೆ ಅದನ್ನು ಸ್ಥಾಪಿಸಲು ಬಂಗಾಳದ ಮಣ್ಣು ಹೊಂದಿದರೆ ಸಾಲದು, ಉಳಿದ ನದೀಮುಖಗಳ ಮಣ್ಣು ಹೊಂದುವುದಿಲ್ಲ ಎಂದೂ ತೋರಿಸಬೇಕು. ಆದರೂ ವೀಲರ್ ಕೊಂಡಿ ಸಡಿಲವಾಗಲು ಮೊದಲ ಮಾತೊಂದೇ ಸಾಕಾಯಿತು. ರಸಾಯನ ಪರೀಕ್ಷೆ ತಟ್ಟೆಯ ಕಾಲವನ್ನು ಹೇಳಲಿಲ್ಲ. ಅದಕ್ಕೆ ಆ ಶಕ್ತಿಯೂ ಇಲ್ಲ. ಕಾಲವನ್ನು ಹಿಂದಕ್ಕೆ ತಳ್ಳಿದ್ದು ಪದರಗಳ ಅಧ್ಯಯನ ಮತ್ತು ಇಂಗಾಲ–14. ಆದರೆ ತಟ್ಟೆ ರೋಮಿನದಲ್ಲ ಎಂದು ಗೊತ್ತಾದ ಮೇಲೆ ಅದಕ್ಕೆ ರೋಮಿನ ಕಾಲವನ್ನೇ ಕೊಡಬೇಕೆಂಬ ಹಟಕ್ಕೆ ಆಧಾರ ಉಳಿಯಲಿಲ್ಲ. ಇಂದು ನಮ್ಮ ನವಶಿಲಾಯುಗದ ಆರಂಭವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೂ, ಹಾವೇರಿ ಜಿಲ್ಲೆಯ ಹಳ್ಳೂರಿನ ಕಬ್ಬಿಣವನ್ನು ಕ್ರಿ.ಪೂ. ಸುಮಾರು 1000ಕ್ಕೂ ಒಯ್ಯಲಾಗಿದೆ. ವೀಲರ್ ಕೊಟ್ಟ ಲೆಕ್ಕಕ್ಕಿಂತ ಇದು ಎಷ್ಟು ಹಿಂದೆ ಎಂಬುದನ್ನು ನೋಡಿದರೆ ಒಂದು ಪಾತ್ರೆಯ ಹುಟ್ಟೂರನ್ನು ತಪ್ಪಾಗಿ ಊಹಿಸುವುದು ಎಷ್ಟು ದುಬಾರಿಯೆಂದು ತಿಳಿಯುತ್ತದೆ.

ಮಡಕೆಯನ್ನು ರಸಾಯನಶಾಸ್ತ್ರಕ್ಕೆ ಒಡ್ಡುವ ಆಲೋಚನೆ ಹೊಸದಲ್ಲ. ಮುಂದೆ ನೊಬೆಲ್ ಪಡೆದ ಅಮೆರಿಕದ ಥಿಯೊಡೋರ್ ರಿಚರ್ಡ್ಸ್ 1895ರಲ್ಲೇ ಅಥೆನ್ಸಿನ ಮಡಕೆಗಳನ್ನು ವಿಶ್ಲೇಷಿಸಿದ್ದ. ಆಗ ಅಳೆಯಲು ಸಾಧ್ಯವಿದ್ದದ್ದು ಸಿಲಿಕಾ, ಅಲ್ಯುಮಿನಾ, ಕಬ್ಬಿಣ, ಸುಣ್ಣದಂಥ ದಪ್ಪ ಅಂಶಗಳನ್ನು ಮಾತ್ರ. ಅವು ಬಹುಪಾಲು ಎಲ್ಲ ಜೇಡಿಯಲ್ಲೂ ಹತ್ತಿರ ಹತ್ತಿರವೇ ಇರುತ್ತವೆ. ನಿಜವಾದ ತಿರುವು ಬಂದದ್ದು 1956ರಲ್ಲಿ, ಅಣುಬಾಂಬಿನ ಕಾರಣಕ್ಕೆ ಹೆಸರಾದ ರಾಬರ್ಟ್ ಓಪನ್‌ಹೈಮರ್ ಪ್ರಿನ್ಸ್‌ಟನ್‌ನಲ್ಲಿ ಪುರಾತತ್ವಜ್ಞರನ್ನೂ ರಸಾಯನಜ್ಞರನ್ನೂ ಒಂದೆಡೆ ಕೂರಿಸಿದಾಗ. ಮರುವರ್ಷವೇ ಬ್ರೂಕ್‌ಹೇವನ್‌ನ ಸೇಯರ್ ಮತ್ತು ಡಾಡ್ಸನ್ ಮೆಡಿಟರೇನಿಯನ್ ಮಡಕೆಚೂರುಗಳ ನ್ಯೂಟ್ರಾನ್ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು.

ಕೆಲಸ ನಡೆಯುವ ಬಗೆ ಹೀಗೆ. ಚೂರಿನ ಒಂದು ಮೂಲೆಯ ಹೊರಮೈಯನ್ನು ಕೆರೆದು ಲೇಪ, ಮಸಿ, ಅಂಟಿದ ಮಣ್ಣು ಎಲ್ಲ ತೆಗೆಯುತ್ತಾರೆ. ಒಳಗಿನ ಹದದಿಂದ ನೂರು–ಇನ್ನೂರು ಮಿಲಿಗ್ರಾಂ ಪುಡಿ ಸಾಕು, ಚಿಟಿಕೆಗಿಂತ ಕಡಿಮೆ. ಕೊರೆಯುವ ಮೊನೆ ಟಂಗ್‌ಸ್ಟನ್ ಕಾರ್ಬೈಡಿನದಾದರೆ ಕೋಬಾಲ್ಟಿನ ಅಳತೆಯನ್ನು ನಂಬುವಂತಿಲ್ಲ, ಮೊನೆಯೇ ಪುಡಿಗೆ ಕೋಬಾಲ್ಟ್ ಬೆರೆಸಿರುತ್ತದೆ. ಈ ವಿದ್ಯೆಯ ನಾಜೂಕು ಅಷ್ಟಿದೆ. ಪುಡಿಯನ್ನು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿದಾಗ ಅದರೊಳಗಿನ ಮೂಲಧಾತುಗಳು ವಿಕಿರಣಶೀಲವಾಗುತ್ತವೆ, ಒಂದೊಂದೂ ತನ್ನದೇ ಶಕ್ತಿಯ ಗಾಮಾ ಕಿರಣ ಬಿಡುತ್ತದೆ. ಸೋಡಿಯಂ ಹದಿನೈದು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಲ್ಯಾಂಥನಂ ನಲವತ್ತು ಗಂಟೆಯಲ್ಲಿ, ಸ್ಕ್ಯಾಂಡಿಯಂಗೆ ಸುಮಾರು 84 ದಿನ ಬೇಕು. ಹಾಗಾಗಿ ಒಂದೇ ಪುಡಿಯನ್ನು ಮೊದಲ ದಿನಗಳಲ್ಲೊಮ್ಮೆ, ವಾರಗಳು ಕಳೆದ ಮೇಲೆ ಇನ್ನೊಮ್ಮೆ ಅಳೆಯುತ್ತಾರೆ; ಆತುರದ ಧಾತುಗಳು ಸುಮ್ಮನಾದ ಮೇಲೆ ನಿಧಾನದವುಗಳ ದನಿ ಕೇಳುತ್ತದೆ. ಹೀಗೆ ಹತ್ತು ಲಕ್ಷಕ್ಕೆ ಒಂದೆರಡು ಭಾಗದಷ್ಟು ಇರುವ ಧಾತುಗಳನ್ನೂ ಎಣಿಸಬಹುದು. ಮಣ್ಣಿನ ಊರು ಬಯಲಾಗುವುದು ಈ ಸೂಕ್ಷ್ಮಧಾತುಗಳ ಪ್ರಮಾಣದಲ್ಲಿ, ಕಾರಣ ಅವನ್ನು ಕುಂಬಾರ ಕಣ್ಣಿಂದ ಕಾಣಲಾರ, ಬೇಕೆಂದು ಹೆಚ್ಚು ಕಡಿಮೆ ಮಾಡಲೂ ಆರ.

ಚಿಕ್ಕಪಡಸಲಗಿಯ ನೆಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖನ್ ಲಾವಾದಲ್ಲಿ ಟೈಟಾನಿಯಂ ಆಕ್ಸೈಡ್ ಸಾಮಾನ್ಯವಾಗಿ ಶೇ 2ರಿಂದ 3ರಷ್ಟು. ಗ್ರಾನೈಟಿನಲ್ಲಿ ಅದು ಅರ್ಧ ಪ್ರತಿಶತವನ್ನೂ ಮುಟ್ಟುವುದು ಅಪರೂಪ. ಕಬ್ಬಿಣ, ಸ್ಕ್ಯಾಂಡಿಯಂ, ವೆನೇಡಿಯಂ, ಕೋಬಾಲ್ಟುಗಳಲ್ಲೂ ಬಸಾಲ್ಟ್ ಶ್ರೀಮಂತ. ಗ್ರಾನೈಟ್ ಸಿರಿವಂತನಾಗಿರುವುದು ಪೊಟ್ಯಾಸಿಯಂ, ರುಬಿಡಿಯಂ, ಥೋರಿಯಂಗಳಲ್ಲಿ. ಥೋರಿಯಂ ಅಂತೂ ಬಸಾಲ್ಟಿಗಿಂತ ಹಲವು ಪಟ್ಟು. ಕಲ್ಲು ಕರಗಿ ಮಣ್ಣಾಗುವಾಗ ಸೋಡಿಯಂ, ಪೊಟ್ಯಾಸಿಯಂ ನೀರಿನ ಜೊತೆ ಹೊರಟುಹೋಗುತ್ತವೆ. ಟೈಟಾನಿಯಂ, ಸ್ಕ್ಯಾಂಡಿಯಂ, ಥೋರಿಯಂ ಮಾತ್ರ ಅಲ್ಲೇ ಕೂರುತ್ತವೆ, ಮಡಕೆಯನ್ನು ಬೇಯಿಸಿದರೂ ಬಿಡುವುದಿಲ್ಲ. ಆದ್ದರಿಂದ ಸ್ಕ್ಯಾಂಡಿಯಂ ಮತ್ತು ಥೋರಿಯಂಗಳ ಪರಸ್ಪರ ಪ್ರಮಾಣವೊಂದನ್ನೇ ನೋಡಿದರೂ ಕೃಷ್ಣಾದಂಡೆಯ ಎರೆ ಮಣ್ಣಿನ ಗಡಿಗೆಗೂ ಬ್ರಹ್ಮಗಿರಿಯ ಬಂಡೆಬೆಟ್ಟದ ಬುಡದ ಮಣ್ಣಿನ ಗಡಿಗೆಗೂ ನಡುವಿನ ಅಂತರ ಢಾಳಾಗಿ ಕಾಣಬೇಕು. ಮುಧೋಳ ಕಡೆಯ ಸುಣ್ಣಕಲ್ಲಿನ ಮಣ್ಣು, ಕಲಾದಗಿ ಶಿಲಾವಲಯದ ಬಿಳಿ ಮರಳಿನ ಮಣ್ಣು ಈ ಎರಡಕ್ಕೂ ಸೇರದೆ ಬೇರೆ ನಿಲ್ಲುತ್ತವೆ. ಘಟಪ್ರಭೆ ಗೋಕಾಕದಲ್ಲಿ ಧುಮುಕುವುದೇ ಈ ಕಲಾದಗಿ ಶಿಲೆಯ ಮೇಲಿಂದ; ಅದು ಬೀಳಗಿ ಸೀಮೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಂದರೆ ಚಿಕ್ಕಪಡಸಲಗಿಯಿಂದ ಸಂಗಮಕ್ಕೆ ಇಳಿಯುವಷ್ಟರಲ್ಲೇ ಹೊಳೆಯ ಮಣ್ಣಿನ ಗುಣ ಬದಲಾಗಲು ತೊಡಗುತ್ತದೆ.

ಮೊದಲ ಆಕ್ಷೇಪವನ್ನು ಎತ್ತಿಕೊಡುವುದೂ ಈ ಹೊಳೆಯೇ. ಕೃಷ್ಣೆ ಕರಾಡದ ಮಣ್ಣನ್ನು ಸಾಂಗಲಿಗೆ, ಸಾಂಗಲಿಯದನ್ನು ಜಮಖಂಡಿಗೆ ಹೊತ್ತು ತರುವಾಗ ಊರೂರಿನ ಮಣ್ಣನ್ನು ಬೇರ್ಪಡಿಸುವುದು ಹೇಗೆ? ಒಪ್ಪಲೇಬೇಕಾದ ಮಾತು. 2019ರ ನೆರೆಯಲ್ಲಿ ಈ ಭಾಗದ ಹೊಲಗಳ ಮೇಲೆ ಕೂತ ಕೆಸರಿನಲ್ಲಿ ಸಾತಾರೆ, ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಪಾಲೂ ಇತ್ತು. ಇಂಥ ವಿಶ್ಲೇಷಣೆಗೆಲ್ಲ ಬುನಾದಿಯಾದ ತತ್ವವನ್ನು 1977ರಲ್ಲಿ ವೈಗಂಡ್, ಹಾರ್ಬಾಟಲ್, ಸೇಯರ್ ಸೂತ್ರರೂಪದಲ್ಲಿ ಹೇಳಿದ್ದಾರೆ: ಎರಡು ಮೂಲಗಳ ನಡುವಿನ ವ್ಯತ್ಯಾಸ ಒಂದೇ ಮೂಲದೊಳಗಿನ ವ್ಯತ್ಯಾಸಕ್ಕಿಂತ ಹೆಚ್ಚಿರಬೇಕು. ಕರಾಡ ಮತ್ತು ಚಿಕ್ಕಪಡಸಲಗಿಗಳ ನಡುವೆ ಈ ಶರತ್ತು ಪೂರೈಸುವುದು ಕಷ್ಟ. ಆದರೆ ಕೃಷ್ಣೆಗೂ ತುಂಗಭದ್ರೆಗೂ ನಡುವೆ ಧಾರಾಳವಾಗಿ ಪೂರೈಸುತ್ತದೆ. ಇನ್ನೂ ಕೆಳಗೆ, ಆಂಧ್ರದ ಮುಖಜಭೂಮಿಯಲ್ಲಿ, ಎರಡೂ ಹೊಳೆಗಳ ಮಣ್ಣು ಬೆರೆತಿರುವುದರಿಂದ ಅಲ್ಲಿನ ಪಾತ್ರೆಗಳಲ್ಲಿ ಬಸಾಲ್ಟ್, ಗ್ರಾನೈಟ್ ಎರಡರ ಗುರುತೂ ನಡುಮಟ್ಟದಲ್ಲಿರಬೇಕು. ಗಂಗೆ ಹಿಮಾಲಯದಿಂದ ಮಿನುಗುವ ಬಿಳಿ ಅಭ್ರಕದ ಪುಡಿ ತರುತ್ತದೆ. ದಖನ್ ಲಾವಾದಲ್ಲಿ ಅದು ಇಲ್ಲ. ಹೀಗೆ ನೋಡಿದರೆ ಹೊಳೆ ಸಣ್ಣ ಅಂತರಗಳನ್ನು ಅಳಿಸಿ ದೊಡ್ಡ ಅಂತರಗಳನ್ನು ಉಳಿಸುತ್ತದೆ. ‘ಯಾವ ಊರು’ ಎಂಬ ಪ್ರಶ್ನೆಗೆ ಅದು ಅಡ್ಡಿ, ‘ಯಾವ ಹೊಳೆ’ ಎಂಬ ಪ್ರಶ್ನೆಗೆ ಆಸರೆ.

ಎರಡನೆಯ ಆಕ್ಷೇಪ ಕುಂಬಾರನ ಕೈಗೆ ಸಂಬಂಧಿಸಿದ್ದು. ಮಡಕೆ ಬರೀ ಜೇಡಿಯಲ್ಲ. ಕೆರೆಯ ಮಣ್ಣಿಗೆ ಹೊಲದ ಮಣ್ಣು ಕೂಡಿಸುತ್ತಾರೆ, ಬಿರುಕು ಬಿಡದಂತೆ ಉಸುಕು, ಬೂದಿ, ಲದ್ದಿ ಬೆರೆಸುತ್ತಾರೆ. ಹೀಗೆ ಹದ ಮಾಡಿದ್ದು ಯಾವ ನೆಲದ ಮಣ್ಣಿಗೂ ತಾಳೆಯಾಗದೆ ಹೋಗಬಹುದಲ್ಲ? ಕಲಾದಗಿ ಕಡೆಯ ಬಿಳಿ ಮರಳು ಬೆರೆಸಿದ್ದಾದರೆ ಉತ್ತರ ಸರಳ. ಅದು ಹೆಚ್ಚುಕಡಿಮೆ ಶುದ್ಧ ಸ್ಫಟಿಕಶಿಲೆ, ಸೂಕ್ಷ್ಮಧಾತುಗಳು ಇಲ್ಲವೆಂಬಷ್ಟು ಕಡಿಮೆ. ಅದನ್ನು ಸೇರಿಸಿದಾಗ ಎಲ್ಲ ಧಾತುಗಳೂ ಒಂದೇ ದರದಲ್ಲಿ ತೆಳುವಾಗುತ್ತವೆ, ಅವುಗಳ ನಡುವಿನ ಅನುಪಾತ ಕದಲುವುದಿಲ್ಲ. ಬರ್ಕ್ಲಿಯ ಪರ್ಲ್‌ಮನ್ ಮತ್ತು ಅಸಾರೊ ಇದನ್ನು ಸರಿದೂಗಿಸುವ ಗಣಿತವನ್ನು ಬಹಳ ಹಿಂದೆಯೇ ಬಳಕೆಗೆ ತಂದರು. ಕೃಷ್ಣೆಯ ಕಪ್ಪು ಉಸುಕಿನ ವಿಷಯದಲ್ಲಿ ಈ ಗಣಿತ ನಡೆಯುವುದಿಲ್ಲ. ಅದರಲ್ಲಿ ಬಸಾಲ್ಟಿನ ಕಣಗಳೇ ಇರುವುದರಿಂದ ಅದು ಕಬ್ಬಿಣ, ಟೈಟಾನಿಯಂಗಳನ್ನು ಹೊಸದಾಗಿ ತಂದು ಸುರಿಯುತ್ತದೆ. ಅಂಥ ಚೂರನ್ನು ಕೂದಲೆಳೆಯಷ್ಟು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಡಿ ನೋಡುವುದೇ ಸರಿ. ಜೇಡಿ ಯಾವುದು, ಉಸುಕು ಯಾವುದು ಎಂದು ಕಣ್ಣಿಗೇ ಕಾಣುತ್ತದೆ. ಅಮೆರಿಕದ ಆನಾ ಶೆಪರ್ಡ್ ಈ ದಾರಿಯನ್ನು 1930ರ ದಶಕದಲ್ಲೇ ತೋರಿಸಿಕೊಟ್ಟಿದ್ದರು. ಇನ್ನು ಕುಂಬಾರರು ದೂರದಿಂದ ಮಣ್ಣು ತರಿಸಿಕೊಂಡಿರಬಹುದು ಎಂಬ ಮಾತೂ ಇದೆ. ಡೀನ್ ಅರ್ನಾಲ್ಡ್ 1985ರಲ್ಲಿ ಜಗತ್ತಿನ ನಾನಾ ಕಡೆಯ 111 ಕುಂಬಾರ ಸಮುದಾಯಗಳ ಮಾಹಿತಿ ಕೂಡಿಸಿ ನೋಡಿದಾಗ ಮೂರರಲ್ಲೊಂದು ಪಾಲು ಒಂದು ಕಿಲೋಮೀಟರಿನೊಳಗೇ ಜೇಡಿ ತರುತ್ತಿದ್ದವು, ಶೇ 84ರಷ್ಟು ಏಳು ಕಿಲೋಮೀಟರನ್ನು ಮೀರಿರಲಿಲ್ಲ. ಹೊರಲಾರದ ಭಾರವನ್ನು ಯಾರೂ ಬೇಕೆಂದು ದೂರದಿಂದ ಹೊರುವುದಿಲ್ಲ.

ನನಗೆ ಹೆಚ್ಚು ತೂಕದ್ದೆನಿಸುವುದು ಮೂರನೆಯ ಆಕ್ಷೇಪ. ಎರಡು–ಮೂರು ಸಾವಿರ ವರ್ಷ ನೆಲದಲ್ಲಿ ಬಿದ್ದಿರುವ ಚೂರು ನೀರು ಕುಡಿಯುತ್ತದೆ, ನೀರಿನ ಜೊತೆ ಉಪ್ಪನ್ನೂ ಕುಡಿಯುತ್ತದೆ. ಸುಣ್ಣಾಂಶ, ರಂಜಕ, ಬೇರಿಯಂ ಹೊರಗಿಂದ ಸೇರಿಕೊಳ್ಳುತ್ತವೆ. ಜಮಖಂಡಿ–ಮುಧೋಳ ಪಟ್ಟಿಯಲ್ಲಿ ಈ ಭಯ ಎಲ್ಲಕ್ಕಿಂತ ಹೆಚ್ಚು. ಎರೆ ಭೂಮಿಯ ತಳದಲ್ಲಿ ಸುಣ್ಣದ ಹರಳುಗಳ ಪದರ ಇರುವುದು ಸಾಮಾನ್ಯ. ಅದರ ಮೇಲೆ ದಶಕಗಳ ಕಬ್ಬು, ಕಬ್ಬಿಗೆ ಹರಿಸಿದ ನೀರು, ಸುರಿದ ರಸಗೊಬ್ಬರ. ಸವುಳು–ಜವಳು ಹಿಡಿದು ಬಿಳಿ ಉಪ್ಪು ಮೇಲೆದ್ದ ಹೊಲಗಳು. ಇಂಥ ಹೊಲದಲ್ಲಿ ಸಿಕ್ಕ ಬೋಕಿಯ ಪೊಟ್ಯಾಸಿಯಂ ಪ್ರಮಾಣ ನೋಡಿ ‘ಇದು ಗ್ರಾನೈಟ್ ಸೀಮೆಯ ಗಡಿಗೆ’ ಎಂದುಬಿಟ್ಟರೆ ಅದು ಪೊಟ್ಯಾಷ್ ಗೊಬ್ಬರದ ಇತಿಹಾಸವಾದೀತೇ ಹೊರತು ಗಡಿಗೆಯದಲ್ಲ. ಪರಿಹಾರವಿದೆ. ಪೊಟ್ಯಾಸಿಯಂ, ಸೋಡಿಯಂ, ರಂಜಕ, ಸುಣ್ಣಗಳನ್ನು ಲೆಕ್ಕದಿಂದಲೇ ಕೈಬಿಟ್ಟು, ನೀರಿಗೆ ಜಗ್ಗದ ಸ್ಕ್ಯಾಂಡಿಯಂ, ಥೋರಿಯಂ, ಹಾಫ್ನಿಯಂ, ಕ್ರೋಮಿಯಂ, ವಿರಳ ಭಸ್ಮ ಧಾತುಗಳ ಮೇಲೆ ಮಾತ್ರ ವಾದ ಕಟ್ಟಬೇಕು. ಈಗ ಜನಪ್ರಿಯವಾಗುತ್ತಿರುವ, ಕೈಯಲ್ಲಿ ಹಿಡಿದು ಬೋಕಿಗೆ ಮುಟ್ಟಿಸಿದರೆ ಕ್ಷಣದಲ್ಲಿ ಅಂಕಿ ತೋರಿಸುವ ಎಕ್ಸ್–ಕಿರಣ ಉಪಕರಣದ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲದಿರುವುದು ಇದೇ ಕಾರಣಕ್ಕೆ. ಅದು ನೋಡುವುದು ಮೇಲ್ಮೈಯನ್ನು. ಮೇಲ್ಮೈಯಲ್ಲಿ ಇರುವುದು ಕಾವಿಯ ಲೇಪ, ಹೊಲದ ಉಪ್ಪು. ವಿರಳ ಭಸ್ಮ ಧಾತುಗಳಲ್ಲಿ ಬಹುಪಾಲು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಇಷ್ಟೆಲ್ಲ ಯಾಕೆ, ಅನುಭವಿ ಪುರಾತತ್ವಜ್ಞ ಬೋಕಿಯನ್ನು ಕೈಗೆತ್ತಿಕೊಂಡು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಣ್ಣಿನ ವಿದ್ಯೆಯನ್ನು ಹೀಗಳೆಯುವಂತಿಲ್ಲ, ಅದಿಲ್ಲದೆ ಯಾವ ಚೂರನ್ನು ಪರೀಕ್ಷಿಸಬೇಕೆಂಬುದೇ ತಿಳಿಯದು. ಆದರೆ ಕಣ್ಣು ನೋಡುವುದು ಬಣ್ಣ, ಆಕಾರ, ಕೈಚಳಕಗಳನ್ನು. ಅವು ಮನುಷ್ಯರ ಜೊತೆ, ಕಲಿಕೆಯ ಜೊತೆ ಊರೂರು ತಿರುಗಬಲ್ಲವು. ಬೃಹತ್ ಶಿಲಾಯುಗದ ಕಪ್ಪು–ಕೆಂಪು ಪಾತ್ರೆ ತಮಿಳುನಾಡಿನ ಆದಿಚ್ಚನಲ್ಲೂರಿನಿಂದ ವಿದರ್ಭದವರೆಗೆ ಹೆಚ್ಚುಕಡಿಮೆ ಒಂದೇ ತೆರ ಕಾಣುತ್ತದೆ. ಎಲ್ಲವೂ ಒಂದೇ ಕಡೆಯಿಂದ ಬಂದವೆಂದು ಇದರಿಂದ ಯಾರೂ ಹೇಳುವುದಿಲ್ಲ. ಬೋರಲು ಹಾಕಿ ಸುಡುವ ಕಸುಬು ಹಬ್ಬಿತ್ತು ಎನ್ನುತ್ತಾರೆ. ಕಣ್ಣು ಮೋಸಹೋದ ಉದಾಹರಣೆಯೂ ಇದೆ. ಪಶ್ಚಿಮ ಭಾರತದ ಹಲವು ನೆಲೆಗಳಲ್ಲಿ ರೋಮನ್ ಮದ್ಯದ ಜಾಡಿ ಎಂದು ದಾಖಲಾಗಿದ್ದ ಎಷ್ಟೋ ಚೂರುಗಳು ಮೆಸಪೊಟೇಮಿಯಾ ಕಡೆಯ ‘ಟಾರ್ಪಿಡೊ’ ಜಾಡಿಗಳವು ಎಂದು ರೊಬರ್ಟಾ ಟಾಂಬರ್ 2007ರಲ್ಲಿ ತೋರಿಸಿದರು. ಇದಕ್ಕೆ ವಿರುದ್ಧವಾಗಿ ಮಹಾರಾಷ್ಟ್ರದ ನೆವಾಸೆಯ ಜಾಡಿಚೂರುಗಳಲ್ಲಿ ಇಟಲಿಯ ಕಂಪಾನಿಯಾದ ಕಪ್ಪು ಜ್ವಾಲಾಮುಖಿ ಮರಳು ಕಂಡಿತು. ಇಲ್ಲಿ ಒಂದು ಸ್ವಾರಸ್ಯವಿದೆ. ನೆವಾಸೆಯೂ ಜ್ವಾಲಾಮುಖಿ ಶಿಲೆಯ ಮೇಲೇ ಇದೆ, ಅಲ್ಲಿನ ಗೋದಾವರಿ ಕಣಿವೆಯ ಮರಳೂ ಕಪ್ಪು. ಬರಿಗಣ್ಣಿಗೆ ಎರಡೂ ಒಂದೇ. ಆದರೆ ವೆಸೂವಿಯಸ್‌ನ ಲಾವಾ ಪೊಟ್ಯಾಸಿಯಂನಲ್ಲಿ ವಿಪರೀತ ಶ್ರೀಮಂತ, ದಖನ್‌ನದು ಅದರಲ್ಲಿ ಕಡುಬಡವ. ಮರಳಿನ ಕಣದೊಳಗಿನ ಖನಿಜಗಳೇ ಬೇರೆ.

ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು. ಬೋಕಿಯ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದು ನೆಲೆಯ ಒಂದೊಂದು ಬಗೆಯಿಂದಲೂ ಹತ್ತಿಪ್ಪತ್ತು ಚೂರುಗಳನ್ನಾದರೂ ಅಳೆದು, ಅವುಗಳಲ್ಲಿ ಒರಟಾದ ಅಡುಗೆ ಗಡಿಗೆ, ಹರವಿಗಳೂ ಇರುವಂತೆ ನೋಡಿಕೊಳ್ಳಬೇಕು. ಒರಟು ಗಡಿಗೆಯನ್ನು ದೂರ ಒಯ್ಯುವ ವ್ಯಾಪಾರಿ ವಿರಳ. ಆದ್ದರಿಂದ ಅದರ ಮಣ್ಣೇ ಆ ಊರಿನ ಮಣ್ಣಿನ ಗುರುತು. ಅದರಿಂದ ದೂರ ನಿಂತ ನಯದ ಪಾತ್ರೆ ಪರಸ್ಥಳದ್ದೆಂದು ಸಂಶಯಿಸಬಹುದು. ನಮ್ಮ ಅಗೆತಗಳಲ್ಲಿ ಒರಟು ಚೂರುಗಳನ್ನು ಎಣಿಸಿ, ಗುಡ್ಡೆ ಹಾಕಿ ಬಿಟ್ಟುಬರುವ ರೂಢಿ ಬಹುಕಾಲ ಇತ್ತು. ಉಗ್ರಾಣ ಸೇರುತ್ತಿದ್ದುದು ಚಿತ್ರವಿದ್ದವು, ಅಂಚಿದ್ದವು. ಹಾಗಾಗಿ ಇಂದು ಹಳೆಯ ಸಂಗ್ರಹಗಳನ್ನು ಪರೀಕ್ಷಿಸಹೊರಟರೆ ಪರಸ್ಥಳದ್ದೆನ್ನಬಹುದಾದ ಚೂರುಗಳು ಬೇಕಾದಷ್ಟಿರುತ್ತವೆ, ಅವನ್ನು ಹೋಲಿಸಲು ಊರಿನದೇ ಚೂರುಗಳಿರುವುದಿಲ್ಲ. ಹೊಳೆದಂಡೆಯ ಮಣ್ಣಿನ ಮಾದರಿಗೂ ಹೊತ್ತು ಮೀರುತ್ತಿದೆ. ಆಲಮಟ್ಟಿಯ ಹಿನ್ನೀರು ಬೀಳಗಿ, ಬಾಗಲಕೋಟೆ ಕಡೆಯ ಹಳೆಯ ದಂಡೆಗಳನ್ನು ಮುಚ್ಚಿದೆ. ಅಣೆಕಟ್ಟು, ಬ್ಯಾರೇಜುಗಳ ಹಿಂದೆ ಇಂದು ಕೂರುವ ಹೂಳನ್ನು ಎರಡು ಸಾವಿರ ವರ್ಷದ ಹಿಂದಿನ ಮೆಕ್ಕಲು ಎಂದು ಹಿಡಿಯುವಂತಿಲ್ಲ. ದಂಡೆಯ ಮೇಲ್ಮಟ್ಟದಲ್ಲಿ ಉಳಿದಿರುವ ಪುರಾತನ ಮೆಕ್ಕಲಿನಿಂದ, ಈಗಲೂ ತಿಗರಿ ತಿರುಗುತ್ತಿರುವ ಊರುಗಳ ಕುಂಬಾರರು ತಲೆತಲಾಂತರದಿಂದ ಮಣ್ಣು ತೆಗೆಯುವ ಗುಂಡಿಗಳಿಂದ ಮಾದರಿ ತೆಗೆದಿಡುವುದು ಯಾವ ದೊಡ್ಡ ಖರ್ಚಿನ ಕೆಲಸವೂ ಅಲ್ಲ.

ಹಾಗೆ ತೆಗೆದಿಟ್ಟರೆ ಏನು ಕೇಳಬಹುದು ಎಂಬುದಕ್ಕೆ ಒಂದು ನಿದರ್ಶನ ಮತ್ತೆ ಬ್ರಹ್ಮಗಿರಿಯಲ್ಲೇ ಇದೆ. ಅಲ್ಲಿನ ಕಲ್ಲುಕೊಡಲಿಯ ಪದರದಲ್ಲಿ ಸಿಕ್ಕ ಕೆಲವು ಚಿತ್ರಿತ ಕೆಂಪು ಚೂರುಗಳು ಮಹಾರಾಷ್ಟ್ರದ ಜೋರ್ವೆ ಪಾತ್ರೆಗಳನ್ನು ಹೋಲುತ್ತವೆ. ಜೋರ್ವೆ ಜನ ಬದುಕಿದ್ದು ಪ್ರವರಾ, ಗೋದಾವರಿ, ಭೀಮಾ ಕಣಿವೆಗಳಲ್ಲಿ, ಅಂದರೆ ಅಪ್ಪಟ ಬಸಾಲ್ಟ್ ನೆಲದಲ್ಲಿ. ಪುಣೆ ಬಳಿಯ ಇನಾಮಗಾವದಲ್ಲಿ ಅವರ ಆವಿಗೆಯೇ ಸಿಕ್ಕಿದೆ. ಈ ಹೋಲಿಕೆ ಎಲ್ಲಿಂದ ಬಂತು? ಪಾತ್ರೆಗಳೇ ದಕ್ಷಿಣಕ್ಕೆ ಪಯಣಿಸಿದವೋ, ಪಾತ್ರೆ ಮಾಡುವವರು ಬಂದರೋ, ಮದುವೆಯಾಗಿ ಬಂದ ಹೆಂಗಸರ ಕೈಯ ಕಸುಬೋ? ಇದೇ ಪ್ರಶ್ನೆಯನ್ನು ಕೃಷ್ಣಾ ತೀರದ ಒಂದು ನೆಲೆಯಲ್ಲಿ, ಉದಾಹರಣೆಗೆ ಚಿಕ್ಕಪಡಸಲಗಿಯಿಂದ ಮೇಲ್ಗಡೆ ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ನವಶಿಲಾಯುಗದ ಜನ ಬದುಕಿದ್ದ ತೇರದಾಳದಲ್ಲಿ ಕೇಳಿದರೆ ರಸಾಯನಶಾಸ್ತ್ರ ಬಾಯಿ ಬಿಡಲಿಕ್ಕಿಲ್ಲ. ಹೊಳೆ ತಂದ ಮಣ್ಣೂ ಲಾವಾದ್ದೇ, ಜೋರ್ವೆಯ ಮಣ್ಣೂ ಲಾವಾದ್ದೇ. ಬ್ರಹ್ಮಗಿರಿಯಲ್ಲಿ ಹಾಗಲ್ಲ. ಅಲ್ಲಿನ ಚಿತ್ರಿತ ಚೂರಿನಲ್ಲಿ ಟೈಟಾನಿಯಂ, ಸ್ಕ್ಯಾಂಡಿಯಂ ಹೆಚ್ಚಿದ್ದು ಥೋರಿಯಂ ತಗ್ಗಿದ್ದರೆ ಪಾತ್ರೆ ಉತ್ತರದ ಕರಿನೆಲದಿಂದ ಬಂದದ್ದು, ಅದು ಕೃಷ್ಣೆಯನ್ನು ದಾಟಿಯೇ ಬಂದಿರಬೇಕು. ಥೋರಿಯಂ ಹೆಚ್ಚಿದ್ದು ಅಲ್ಲಿನ ಒರಟು ಗಡಿಗೆಗಳ ಜೊತೆ ಕೂಡಿಕೊಂಡರೆ ಪಾತ್ರೆ ಎಲ್ಲಿಂದಲೂ ಬಂದಿಲ್ಲ. ಉತ್ತರದ ಚಿತ್ರವನ್ನು ತಲೆಯಲ್ಲಿಟ್ಟುಕೊಂಡ ಕೈಯೊಂದು ಬ್ರಹ್ಮಗಿರಿಯ ಮಣ್ಣಿನ ಮೇಲೆ ಅದನ್ನು ಬರೆದಿದೆ. ಆಗ ಹುಡುಕಬೇಕಾದ್ದು ವ್ಯಾಪಾರದ ದಾರಿಯನ್ನಲ್ಲ, ವಲಸೆಯನ್ನೋ ನಂಟಸ್ತಿಕೆಯನ್ನೋ. ಎರಡರಲ್ಲಿ ಯಾವುದು ನಿಜವೆಂದು ತಿಳಿಯಲು ಕೃಷ್ಣಾದಂಡೆಯ ಹಳೆಯ ಮೆಕ್ಕಲಿನ ಮಾದರಿ, ಬ್ರಹ್ಮಗಿರಿಯ ಒರಟು ಗಡಿಗೆಯ ಚೂರುಗಳು, ಒಂದೊಂದರಿಂದ ಇನ್ನೂರು ಮಿಲಿಗ್ರಾಂ ಪುಡಿ, ಇಷ್ಟಿದ್ದರೆ ಕೆಲಸ ಶುರುಮಾಡಬಹುದು.